ಮೊದಲು ರಬ್ಬರು, ಆಮೇಲೆ ನಳಿಗೆ

ಸ್ಪ್ರಿಂಗ್ ಕೆಳಗಿಡಿ, ತೊಗಾಶಿ ಅವರೇ.
ಹೊಸಬರೆಲ್ಲ ಮೊದಲು ಮುಟ್ಟುವುದು ಅದನ್ನೇ,
ಬಲ ಅಂದರೆ ದೂರ ಅಂದುಕೊಂಡು.
ನಮ್ಮ ಕಾನೂನು ಈ ಆಟದ ಕೋವಿಗೆ
ಒಂದು ಜೂಲನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ.
ಅಷ್ಟರೊಳಗೇ ಬಾಳಬೇಕು,
ಚಾಪೆ ಇದ್ದಷ್ಟೇ ಕಾಲು.

ಕೂತುಕೊಳ್ಳಿ. ಕೆಳಗಿನ ಅಂಗಡಿಯಲ್ಲಿ ಕಡಲೆಕಾಯಿ ಹುರಿಯುತ್ತಿದ್ದಾರೆ.
ಈ ಯಾಚಿಮಾತಾದಲ್ಲಿ ನಾನು ಮಾರುವ ಉಕ್ಕಿಗೂ
ಅದೇ ವಾಸನೆ.
ಮನೆಗೆ ಹೋಗಿ ಪೊಟ್ಟಣ ಬಿಚ್ಚಿದ ಗಿರಾಕಿಗಳು
ಹಸಿವಾಯಿತು ಎಂದು ದೂರಿದ್ದುಂಟು.

ಎಷ್ಟಿದೆ ನಿಮ್ಮ ಹತ್ತಿರ? ಹದಿನೆಂಟು ಸಾವಿರ ಯೆನ್.
ಊಟದ ಡಬ್ಬಿ ತುಂಬುವ ಕಾರ್ಖಾನೆ, ರಾತ್ರಿಪಾಳಿ ಅಂದಿರಿ.
ಸಾವಿರ ಡಬ್ಬಿಗೆ ಸಾವಿರ ಉಪ್ಪಿನ ಪ್ಲಮ್ಮು
ಅನ್ನದ ನಟ್ಟನಡುವೆ ಇಟ್ಟ ಬೆರಳು.
ಹಾಗಾದರೆ ನಿಮಗೆ ಅರ್ಥವಾಗುತ್ತದೆ.

ಮೊದಲು ರಬ್ಬರು.
ನೋಡಿ, ಕಿರುಬೆರಳ ಉಗುರಿನಷ್ಟು. ಸಾವಿರದ ಇನ್ನೂರು.
ಗುಂಡಿನ ನೆತ್ತಿ ಸವರಿ ಹಿಮ್ಮುಖ ತಿರುಗಿಸುವುದು ಇದರ ಕೆಲಸ,
ಹೊರಟವರ ತಲೆ ನೇವರಿಸಿದ ಹಾಗೆ.
ತಿರುಗುತ್ತ ಹೋದದ್ದು ಬೀಳುವುದನ್ನು ಮರೆತಿರುತ್ತದೆ
ಇನ್ನೊಂದಿಪ್ಪತ್ತು ಮೀಟರು.
ಗಟ್ಟಿಯದು ಬೇಸಿಗೆಗೆ. ನೀವು ಮಲಗುವುದು
ಜನವರಿಯ ಬಿದಿರ ಬುಡದಲ್ಲಾದರೆ ಮೆತ್ತನೆಯದು ಕೊಡುತ್ತೇನೆ.

ಆಮೇಲೆ ನಳಿಗೆ. ಆರು ಬಿಂದು ಸೊನ್ನೆ ಮೂರು.
ಸೊನ್ನೆ ಒಂದು ಕೇಳಬೇಡಿ.
ಕೂದಲೆಳೆಗಿಂತ ತೆಳುವಾದ ಆ ಬಿಗಿಗೆ ಆಸೆಪಟ್ಟರೆ
ಒಂದು ಮರಳ ಕಣಕ್ಕೂ ಗಂಟಲು ಕಟ್ಟುತ್ತದೆ.
ಉದ್ದವೂ ಬೇಡ, ಉದ್ದ ನೋಡುವವರಿಗೆ.
ಬದಲಿಗೆ ಈ ಎರಡು ಉಂಗುರ:
ಒಳಗೊಳಗೇ ನಡುಗುವ ನಳಿಗೆಯನ್ನು ಆನಿಸಿ ಹಿಡಿಯುತ್ತವೆ.
ಯಾರೂ ಹೊಗಳದ ಸಾಮಾನು. ಎಂಟುನೂರು.

ಕುದುರೆಯ ವಿಷಯ.
ಮೂವತ್ತೊಂದು ವರ್ಷ ಹೊಲಿಗೆಯಂತ್ರ ರಿಪೇರಿ ಮಾಡಿದವ ನಾನು:
ಕಚ್ಚಿದ ಹಲ್ಲು ಬಿಡಬೇಕಾದಾಗ ಬಿಡಬೇಕು, ಅಷ್ಟೇ ವಿದ್ಯೆ.
ಉಕ್ಕಿನ ಕೊಕ್ಕೆ ಹಾಕಿ. ತೀರಾ ಹಗುರ ಮಾಡಬೇಡಿ,
ಎಳೆಯುವ ಮುನ್ನ ಬೆರಳಿಗೆ
ಒಂದು ಪ್ರಶ್ನೆ ಕೇಳುವಷ್ಟು ಜಾಗ ಇರಲಿ.

ಭಾರದ ಗುಂಡು ಒಂದು ಚೀಲ.
ಅಲ್ಲಿಗೆ ಲೆಕ್ಕ ಮುಗಿಯಿತು, ಏಳುನೂರು ವಾಪಸ್ಸು.

ಇನ್ನೊಂದಿದೆ. ಅದು ನನ್ನ ಕಪಾಟಿನಲ್ಲಿಲ್ಲ.

ಎರಡು ವರ್ಷದ ಹಿಂದೆ, ಅಕ್ಟೋಬರು,
ಇದೆಲ್ಲವನ್ನೂ ಹಾಕಿದ ಕೋವಿ ಹಿಡಿದು
ಎರಡು ಗಂಟೆ ಒಂದೇ ಮಗ್ಗುಲಲ್ಲಿ ಮಲಗಿದ್ದೆ.
ಒಂದು ಇರುವೆ ನನ್ನ ಕೈಗವಸನ್ನು
ದಾರಿ ಎಂದು ಒಪ್ಪಿಕೊಂಡಿತ್ತು.
ಆಗ ಬೆನ್ನಿಗೆ ಟಪ್ ಎಂದಿತು.
ಒಣಗಿದ ಎಲೆ ಇರಬಹುದಿತ್ತು.
ಬಿದಿರ ಸಿಪ್ಪೆ ಇರಬಹುದಿತ್ತು.

ತಿರುಗಿ ನೋಡಿದರೆ, ಅಂದೇ ಮೊದಲ ಸಲ ಬಂದ ಹುಡುಗಿ,
ಕೈಯಲ್ಲಿ ಮೈದಾನದವರ ಬಾಡಿಗೆ ಕೋವಿ,
ಹುಟ್ಟಿದಾಗಿನಿಂದ ಒಂದು ತಿರುಪೂ ಬದಲಾಗದ್ದು.

ನಿಮಗೆ ಗೊತ್ತಲ್ಲ, ಈ ಆಟಕ್ಕೆ
ಗುಂಡು ತಿಂದವರೇ ತೀರ್ಪುಗಾರರು.
ಬಣ್ಣ ಹತ್ತುವುದಿಲ್ಲ, ಗಾಯವಿಲ್ಲ.
ಕೈ ಎತ್ತಿ ‘ಹಿಟ್ಟೋ’ ಎಂದು ನಾವೇ ಕೂಗಬೇಕು.

ನಾನು ಕೂಗಲಿಲ್ಲ.

ಆಕೆ ಕೋವಿ ಇಳಿಸಿದಳು.
ತನ್ನ ಕಣ್ಣನ್ನೇ ಸಂಶಯಪಟ್ಟಳು.
ತಲೆಬಾಗಿ, ತಪ್ಪಾಯಿತೇನೋ ಎಂಬಂತೆ ಹಿಂದೆ ಸರಿದಳು,
ಹತ್ತು ಮೀಟರು, ಇಪ್ಪತ್ತು.
ನಲವತ್ತಕ್ಕೆ ಹೊಡೆದೆ.
ಗಾಳಿಯಿತ್ತು, ಆದರೂ ನೇರ ಎದೆಯ ನಡುವಿಗೆ.
ರಬ್ಬರು, ನಳಿಗೆ, ಉಂಗುರ, ಕೊಕ್ಕೆ
ಎಲ್ಲವೂ ಕೊಟ್ಟ ಮಾತಿನಂತೆ ನಡೆದುಕೊಂಡವು.
‘ಹಿಟ್ಟೋ!’ ಎಂದಳು, ನಗುತ್ತ, ಎರಡೂ ಕೈ ಎತ್ತಿ.

ಆ ಕೋವಿ ಅಗೋ, ಗೋಡೆಯ ಮೇಲಿದೆ.
ಬೆಲೆ ಕೇಳಿದವರಿಗೆ ಕೆಟ್ಟಿದೆ ಅನ್ನುತ್ತೇನೆ.

ರಬ್ಬರಿಗೆ ಎಣ್ಣೆ ತಾಗಿಸಬೇಡಿ.
ಮೆಟ್ಟಿಲು ಕಡಿದಾಗಿದೆ, ಜೋಪಾನ.
ಏಳುನೂರಕ್ಕೆ ಕೆಳಗೆ ಬಿಸಿ ಕಡಲೆಕಾಯಿ ಸಿಗುತ್ತದೆ.

ಸ್ಪ್ರಿಂಗ್, ತೊಗಾಶಿ ಅವರೇ.
ಇನ್ನೂ ನಿಮ್ಮ ಕೈಯಲ್ಲೇ ಇದೆ.