ಮುಕ್ಕಾಲು ಇಂಚು

ಚೌಬಾರಾದ ಹಿಂದಿನ ಗಲ್ಲಿ, ಬಿದ್ರಿ ಸುತ್ತಿಗಿ ಸದ್ದು ಮುಗಿಯೂ ಕಡಿ
ನನ್ನ ಅಂಗಡಿ. ಬೋರ್ಡಿನ ಮ್ಯಾಲಿನ ಬಂದೂಕು
ಬಿಸಲಿಗಿ ಮಾಸಿ ಕೊಳಲಿನಂಗ ಕಾಣ್ತದ.

ಜನವಾಡದಿಂದ ಟಂಟಂದಾಗ ಬಂದಳು ಕಸ್ತೂರಬಾಯಿ,
ಹಳಿ ಸೀರ್‍ಯಾಗ ಸುತ್ತಿದ ರೈಫಲು ತೊಡಿ ಮ್ಯಾಲ ಅಡ್ಡ.
"ಉಸ್ತಾದ, ಇದರ ನಳಿಗಿ ಕೊಯ್ರಿ.
ಹದಿನೆಂಟು ಇಂಚು ಉಳದ್ರ ಸಾಕಂತ, ಮೈದುನ ವೈಜಿನಾಥ ಹೇಳ್ಯಾನ.
ಅಟ್ಟ ಹತ್ತೂವಾಗ ಕಬ್ಬಿನ ಗರಿಗಿ ಸಿಗ್ತದ."

ಬಿಚ್ಚಿದೆ.
ಲಿವರ್ ರೈಫಲು. ನನ್ನ ಕಿರಿಬೆರಳ ತುದಿ ಹೋಗುವಂಥ ಬೋರು.
ಇಪ್ಪತ್ತಾರು ಇಂಚಿನ ಎಂಟು ಮೂಲಿ ನಳಿಗಿ,
ಅದರ ಕೆಳಗ ಬಾಯಿತನಕ ತೋಟಾ ತುಂಬೂ ಕೊಳವಿ.
ಲಿವರ್ ಇಳಿಸಿ ಏರಿಸಿದೆ, ಖಟ್, ಖಟಾಕ್,
ಹಿತ್ತಲ ಬಾಗಲ ಚಿಲಕದ ಸದ್ದು.
ಇಕಿ ಅಪ್ಪ ಜಾಗೀರದಾರನ ಶಿಕಾರಿಗಿ ಹಾದಿ ತೋರಿಸಿದಾವ,
ಇದು ಆ ಹಾದಿಯ ಕೂಲಿ.
ಲೈಸನ್ಸ್ ಈಗ ಇಕಿ ಹೆಸರಿಗದ,
ಫೋಟೋದಾಗ ಉಸಿರು ಹಿಡಕೊಂಡಾಳ.

ನೋಡವ್ವ, ಅಂದೆ,
ಗಿಡ್ಡ ನಳಿಗಿ ಹಗರ, ಹೌದು. ಎತ್ತ ಬೇಕತ್ತ ತಿರಗತದ.
ಹಗರಾದಷ್ಟೂ ಹೆಗಲಿಗಿ ಒದಿತದ,
ಮದ್ದು ಬಾಯಿ ಹೊರಗ ಉರದು ಕಣ್ಣಿಗಿ ಕತ್ತಲಿ ಬರ್ತದ,
ಕಿವಿ ಬೆಳಗಾತನ ಕೂಗತದ.
ಉದ್ದಂದು ಮುಂದ ಭಾರ. ಆ ಭಾರನ ಕೈಯ ನಡುಕ ನುಂಗತದ.
ಹಿಂದಿನ ಸೀಳಿಗೂ ಮುಂದಿನ ಮಕ್ಖಿಗೂ ನಡುವ
ದೂರ ಇದ್ದಷ್ಟೂ ಸುಳ್ಳಿಗಿ ಜಾಗಾ ಕಡಿಮಿ.
ಮತ್ತ, ಕಾಗದಿಲ್ಲದ ಕೊಯ್ದ್ರ ಇಬ್ಬರೂ ಒಳಗ.

"ಹಂಗಾರ ಲಿವರಿನ ಬಳಿ ದೊಡ್ಡದು ಮಾಡ್ರಿ, ನನ್ನ ಬಳಿ ಸಿಕ್ಕೋತಾವ."
ಬಳಿ ತೆಗದಿಡವ್ವ.
"ಉಕ್ಕು ಕೊಯ್ಯೂದು ಸಲೀಸು," ನಕ್ಕಳು, "ಇವು ಮೊಳಕೈ ದಾಟೂದಿಲ್ಲ."
ಬಾಜೂ ಅಂಗಡಿ ನಸೀರುದ್ದೀನ ಇಣುಕಿದ:
ಬೆಳ್ಳಿ ಬಳ್ಳಿ ಕೂಡಸ್ಲೇನು?
ನಿನ್ನ ಬೆಳ್ಳಿ ಕೂಡಾಕ ಮೆತ್ತನ ಜಸ್ತ ಬೇಕಪಾ, ಇದು ಉಕ್ಕು, ನಡಿ.

ಯಾತಕ್ಕ ಹೊಡಿತಿ?
"ಹಂದಿಗಿ."
ಹಂದಿಗಿ ಪರವಾನಗಿ ಬ್ಯಾರೆ.
"ಹಂದಿಗಿ ಅಂದ್ರ, ಹಂದಿ ಸಲುವಾಗಿ. ಗಾಳಿಗಿ."

ನಲವತ್ತು ವರ್ಷ ಈ ಕಟ್ಟಿ ಮ್ಯಾಲ ಕುಂತೀನಿ.
ಜಿಂಕಿಗಿ, ಬ್ಯಾಂಕಿನ ಬಾಗಲಿಗಿ, ಮದವಿ ಮೆರವಣಿಗಿಗಿ
ಎಷ್ಟುದ್ದ ಬೇಕಂತ ಕೇಳಿದಾರ.
ಗಾಳಿಗಿ ಹೊಡಿಯೂವ್ರಿಗಿ ನಳಿಗಿ ಎಷ್ಟಿರಬೇಕು?
ಖರೇ ಉತ್ತರ: ಗಿಡ್ಡ. ಸದ್ದು ಜಾಸ್ತಿ.
ನುಂಗಿಕೊಂಡೆ.

ತೋಟಾ ಎಷ್ಟವ?
ಸೆರಗಿನ ಗಂಟು ಬಿಚ್ಚಿದಳು. ಮೂರು.
ಹಿತ್ತಾಳಿ ಹಸರ ಹಿಡದದ, ಮೂತಿ ಚಪ್ಪಟಿ.
ಕೊಳವ್ಯಾಗ ಒಂದರ ಮೂತಿ ಇನ್ನೊಂದರ ಬೆನ್ನಿಗಿ ಕೂಡತದ,
ಚೂಪಿದ್ರ ತಮ್ಮನ್ನ ತಾವ ಸುಟಗೋತಾವ.
ಹೈದ್ರಾಬಾದಿನ್ಯಾಗೂ ಇವು ಸಿಗಲಾರದು ಯಾವ ಕಾಲಾತೋ.
ಮೂರರಾಗ ಒಂದಾದ್ರೂ ಸಿಡಿತದಂತ ನಾ ಆಣಿ ಮಾಡಂಗಿಲ್ಲ.

ಹಿಡಿ, ಅಂದೆ.
ಎತ್ತಿದಳು. ಮೊಳಕೈ ನೆಟ್ಟಗಾತು, ಕುತಗಿ ಕೊಕ್ಕರೆಯಂಗ ಮುಂದ ಚಾಚಿತು,
ಗಲ್ಲ ಕಟ್ಟಿಗಿಗಿ ಮುಟ್ಟಲಿಲ್ಲ.
ನಳಿಗಿ ತಪ್ಪೇನಿಲ್ಲವ್ವ. ಕುಂದಾ ಉದ್ದ.
ಇದು ನಿಮ್ಮಪ್ಪನ ತೋಳು.

ಸುಮ್ಮನ ಕುಂತಳು. ಚಾ ಬಂತು, ಕೆನಿ ಕಟ್ಟಿತು.
"ಎಷ್ಟು ಕೊಯ್ಬೇಕು?"
ಮುಕ್ಕಾಲು ಇಂಚು.
"ಕೊಯ್ರಿ."

ಅಕ್ರೋಟ ಕಟ್ಟಿಗಿ. ಗರಗಸ ಇಳಿದಂಗ
ಎಣ್ಣಿ, ಹೊಗಿಸೊಪ್ಪು, ಒಬ್ಬ ಗಂಡಸಿನ ಬೆವರು ಅಂಗಡಿ ತುಂಬಿತು.
ಹಿಮ್ಮಡಿ ತಗಡು ಅದ ಎರಡು ಮೊಳಿಗಿ ಮತ್ತ ಕುಂತಿತು.
ಈಗ ಎತ್ತಿದಳು: ಗಲ್ಲ ತಾನ ಬಂದು ಒರಗಿತು.
ಗಲ್ಲಿ ತುದಿ ವಿದ್ಯುತ್ ಕಂಬದ ಕಡಿ ಭಾಳ ಹೊತ್ತು ನೋಡಿದಳು.

ರೊಕ್ಕ ಎಣಿಸಿ ಕೊಟ್ಟು, ಅಂದಳು:
"ನಾಳಿ ಠಾಣಾಕ್ಕ ಕೊಡಬೇಕ್ರಿ. ಇಲೆಕ್ಷನ್."
ಅಯ್ಯ, ಹಂಗಾರ ಇವತ್ತ ಯಾಕ ಬಂದಿ?
ಉತ್ತರ ಇಲ್ಲ. ಕೊಯ್ದ ಬಿಲ್ಲಿ ಎತ್ತಿ ಮೂಸಿ,
ತೋಟಾ ಇದ್ದ ಗಂಟಿಗಿ ಅದನ್ನೂ ಸೇರಿಸಿ ಕಟ್ಟಿದಳು,
ಟಂಟಂದಾವ ಹಾರ್ನ್ ಹೊಡಿಲಿಕ್ಕತ್ತಿದ್ದ.

ಸಂಜಿಗಿ ವೈಜಿನಾಥನ ಫೋನು:
"ಕೊಯ್ದ್ರೇನ್ರಿ ಉಸ್ತಾದ?"
ಕೊಯ್ದೆ, ಅಂದೆ.
ಏನಂತ ಅವನೂ ಕೇಳಲಿಲ್ಲ.