ಎಳೆ

ಮುಹರ್ರಖ್‌ನ ಡಯಾಲಿಸಿಸ್ ವಾರ್ಡು. ಶನಿವಾರ, ಸೋಮವಾರ, ಬುಧವಾರ.
ಕಿಟಕಿಯ ಪಕ್ಕದ ಕುರ್ಚಿ ಬು ಸನದ್ ಅಜ್ಜನದು.
ನಾಲ್ಕು ಗಂಟೆ, ಎರಡು ಸೂಜಿ,
ದಿನಕ್ಕೆ ಮುಕ್ಕಾಲು ಲೀಟರ್ ನೀರಿನ ಅಪ್ಪಣೆ.
ರಕ್ತ ಹೊರಗೆ ಹೋಗಿ ತಿರುಗಿ ಬರುವಷ್ಟು ಹೊತ್ತೂ
ಒಂದೇ ಹಾಡು ಗುನುಗುತ್ತಿದ್ದ.
ನನಗೆ ಬರುವಷ್ಟು ಅರಬ್ಬಿಯಲ್ಲಿ ಅದು ಇಷ್ಟು:

ಉಪ್ಪಿನ ತಳದಲ್ಲಿ ಇದೆಯಂತೆ ಸಿಹಿ,
ಯಾರು ತಂದಾರು ನನಗೆ?

'ಸಿಹಿ' ಬಂದಲ್ಲಿ ದನಿ ಕಡಿದುಬಿಡುತ್ತಿದ್ದ,
ಹಲ್ಲಿನಿಂದ ನೂಲು ಕಡಿದ ಹಾಗೆ.
ಉಸಿರು ಸಾಲುತ್ತಿಲ್ಲ ಎಂದು ಚಾರ್ಟಿನಲ್ಲಿ ಬರೆದವಳು ನಾನೇ.

ಕೈರೋದ ಡಾಕ್ಟರ್ ವಗೀಹ್ ಕನ್ನಡಕ ಒರೆಸುತ್ತ ಅಂದರು:
ಉಪ್ಪು ಅಂದರೆ ಈ ಲೋಕ, ಸಿಹಿ ಅಂದರೆ ಅವನು.
ಬೆರಳು ಮೇಲಕ್ಕೆ ತೋರಿಸಿದರು,
ಹಾಡು 'ತಳದಲ್ಲಿ' ಅಂದದ್ದನ್ನು ಮರೆತು.
ಮೊಮ್ಮಗ ಮಿಶಾಲ್ ಕಣ್ಣು ಮಿಟುಕಿಸಿದ:
ಯಾರೋ ಹುಡುಗಿ ಇದ್ದಳು ಸಿಸ್ಟರ್. ನಮ್ಮಜ್ಜಿ ಅಲ್ಲ.
ಯಂತ್ರ ನೋಡಿಕೊಳ್ಳುವ ಲಿಜು:
ಬಾಯಾರಿಕೆ, ಅಷ್ಟೇ. ಕೊಡಬೇಡಿ.

ನನಗೆ ಗೊತ್ತಿದ್ದದ್ದು ಬೆಟಗೇರಿಯ ಮಗ್ಗದ ಮನೆಯ ಹಾಡು.
ಕಂಡಿಕೆ ಸುತ್ತುತ್ತ ಆಯಿ ಹೇಳುತ್ತಿದ್ದಳು:
ಎಳಿ ಹರಿದರ ಕೂಗಬ್ಯಾಡ ಮಗಳ,
ಉಗುಳು ಹಚ್ಚಿ ಹೊಸಿ.
ನೂಲಿನ ಮಾತು ಅಂದುಕೊಂಡೇ ದೊಡ್ಡವಳಾದೆ.
ಚಿಕ್ಕಮ್ಮ ತುಟಿ ಒಡೆದುಕೊಂಡು
ಗಂಡನ ಮನೆಯಿಂದ ಬಂದ ದಿನಗಳಲ್ಲಷ್ಟೇ
ಆಯಿ ಅದನ್ನು ಹಾಡುತ್ತಿದ್ದಳು ಎಂಬುದು
ವಿಮಾನದಲ್ಲಿ ಹೊಳೆಯಿತು, ಕೆಳಗೆ ಬರೀ ನೀರಿದ್ದಾಗ.

ಅದಕ್ಕೇ ಕೇಳಿದೆ. ಬುಧವಾರ, ಬಿಪಿ ನೋಡುತ್ತ.
ಅಜ್ಜ ನಕ್ಕ. ಅರ್ಥವೇ?
ನಿಜಕ್ಕೂ ಇತ್ತು ಮಗಳೇ,
ಸಮುದ್ರದ ತಳದಲ್ಲಿ ಸಿಹಿನೀರಿನ ಬುಗ್ಗೆ.
ಮುತ್ತಿನ ದೋಣಿಯವರು ಕುಡಿದದ್ದು ಅದನ್ನೇ.
ಅಣ್ಣ ಮರ್ಜೂಕ್ ಕಾಲಿಗೆ ಕಲ್ಲು ಸಿಕ್ಕಿಸಿ
ತೊಗಲ ಚೀಲ ಹಿಡಿದು ಇಳಿಯುತ್ತಿದ್ದ,
ಹಗ್ಗ ನನ್ನ ಕೈಯಲ್ಲಿ. ನನಗೆ ಹದಿನಾಲ್ಕು.
ಕಂಠ ಚೆನ್ನಾಗಿತ್ತು. ದೋಣಿಗೆ ದೋಣಿಯೇ ಅಂದಿತು, ಹಾಡೋ.

ಆಮೇಲೆ ಅವನು ಎರಡು ಬೇರೆ ಬೇರೆ ಮಾತು ಬಳಸಿದ.
ನನಗೆ ಕನ್ನಡದಲ್ಲಿ ಸಿಕ್ಕಿದ್ದು ಒಂದೇ:

ಸಿಹಿಯನ್ನು ಎಳೆದೆ, ಎಳೆದೆ, ಇನ್ನೂ ಎಳೆದೆ.
ಹಗ್ಗ ಎಳೆಯಲಿಲ್ಲ.
ಕೆಳಗಿನಿಂದ ಜಗ್ಗಿದ್ದು ಗೊತ್ತಾಯಿತು.
ಅಲೆ ಅಂದುಕೊಂಡೆ.
ತಾಳ ಅಂದುಕೊಂಡೆ.

ಯಂತ್ರ ಕೂಗಿತು. ನಳಿಗೆಯಲ್ಲಿ ಗಾಳಿಗುಳ್ಳೆ.
ಲಿಜು ಬಂದು ಎರಡು ಸಲ ತಟ್ಟಿ ಹೋದ.

ಚೀಲ ತುಂಬಿತ್ತು, ಅಂದ ಅಜ್ಜ.
ಆ ನೀರನ್ನೇ ಕುಡಿದೆವು ಎಲ್ಲರೂ. ನಾನೂ.
ಸಿಹಿಯಾಗಿತ್ತು.

ಒಂದು ತುಂಡು ಐಸು ಅವನ ನಾಲಿಗೆಯ ಮೇಲಿಟ್ಟೆ.
ಲೆಕ್ಕದಲ್ಲಿ ಬರೆಯಲಿಲ್ಲ.

ಅಜ್ಜ ಹೋದ ಮರುವರ್ಷ,
ಮಿಶಾಲ್ ಫೋನಿನಲ್ಲಿ ಹಿಡಿದಿಟ್ಟಿದ್ದ ದನಿ
ರೇಡಿಯೋದಲ್ಲಿ ಬಂತು. ಹಳೆಯ ಪ್ರೇಮಗೀತೆ, ಅಂದಳು ನಿರೂಪಕಿ.
ಆ ಪದವನ್ನು ಹೇಗೆ ತುಂಡರಿಸುತ್ತಾರೆ ಗಮನಿಸಿ,
ಎಂಥ ಸಂಯಮ, ನಮ್ಮ ಹಿರಿಯರ ಶೈಲಿಯೇ ಹಾಗೆ.
ಒಬ್ಬ ಪ್ರೊಫೆಸರು ಹೌದು ಹೌದು ಅಂದರು.

ಆಸ್ಪತ್ರೆಯ ಹಳೇ ಬಸ್ಸು ಸೇತುವೆಯ ಮೇಲಿತ್ತು,
ಎರಡೂ ಕಡೆ ಉಪ್ಪು, ಬೆಳಗಿನ ಬಿಸಿಲು,
ನೆತ್ತಿಯ ಮೇಲೆ ಗಂಟೆಯ ಹಗ್ಗ.
ಮೊದಲ ಸಾಲು ಮುಗಿಯುತ್ತ ಬಂತು.
ಸ್ವರ ಕಡಿಯುವ ಮೊದಲೇ
ನನ್ನ ಕೈ ಹೋಗಿ ಎಳೆದುಬಿಟ್ಟಿತ್ತು.

ಬ್ರೇಕು ಒತ್ತಿ ಹಿಂದೆ ತಿರುಗಿದ
ಉಪ್ಪಳದ ಡ್ರೈವರ್:
ಇಲ್ಲಿ ಇಳಿಯುವುದು ಯಾರಕ್ಕ?