ಗ್ರೇಡು

ಮೂವತ್ತು ವರ್ಷ ಇಳಕಲ್ಲ ಕ್ವಾರಿಯೊಳಗ
ಬ್ಲಾಕಿನ ಮೈಮ್ಯಾಗ ಬಿಳಿ ಬಣ್ಣದಾಗ ಬರದೀನಿ:
ಫಸ್ಟು, ಸೆಕೆಂಡು, ರಿಜೆಕ್ಟು.
ನೀರು ಹೊಡದು ನೋಡ್ತಿದ್ದೆ,
ಒಂದು ಕರಿ ಎಳಿ ಕಂಡ್ರೂ ಹಡಗು ಹತ್ತೂದಿಲ್ಲ.

ಈಗ ನನ್ನ ಫುಪ್ಫುಸದ ಚೂರು
ಮೇಣದಾಗ ಕೂತು ಮುಂಬೈಗೆ ಹೋಗೇತಿ.
ಅದಕ್ಕೂ ಬ್ಲಾಕು ಅಂತಾರಂತ.
ನಗು ಬಂತು, ಅದು ಕೆಮ್ಮಾತು.

ಬಾಗಲಕೋಟಿ ಡಾಕ್ಟರು ಹೇಳಿದ್ರು:
ಐವತ್ತು ದಾಟಿದ್ರ ಇಮ್ಯುನೋಥೆರಪಿ ಒಂದ ಸಾಕು.
ಹನ್ನೆರಡು ದಿನಕ್ಕ ಬಂತು: ನಾಲ್ಕು.
'ಕೀಮೋ ಕೂಡಿಸಿ ಕೊಡೂಣು, ಆಗಂಗಿಲ್ಲ ಅಂತೇನಿಲ್ಲ.'
ರೊಕ್ಕದ ಮಾತು ಅವರೂ ಎತ್ತಲಿಲ್ಲ, ನಾನೂ.

ಹಿತ್ತಲದಾಗ ಜೈತುನಬಿ ಚಾದರ ಒಗ್ಯಾಕತ್ತಾಳ,
ನಾನ ರಿಜೆಕ್ಟು ಅಂತ ಬರದು ತಂದ ಕಲ್ಲಿನ ಮ್ಯಾಲ.
ಬಣ್ಣ ಯಾವಾಗೋ ತೊಳದು ಹೋಗೇತಿ.